ಎಂಜಿಎಂ ಸಿಂಹ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಟ್ರೊ-ಗೋಲ್ಡ್‌ವಿನ್-ಮೇಯರ್, ಅಂದರೆ ಎಂಜಿಎಂ ಚಿತ್ರಗಳ ಆರಂಭದಲ್ಲಿ ಗರ್ಜಿಸುವ ಸಿಂಹದ ಬಗ್ಗೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಈ ಸಿಂಹದ ಸುತ್ತ ಕಟ್ಟುಕತೆಗಳು ಬಹಳ. ಕೆಲವನ್ನು ಹುಟ್ಟಿಸಿದ್ದು ಸ್ಟುಡಿಯೊದ ಪ್ರಚಾರ ವಿಭಾಗವೇ. ಉಳಿದವು ಇಂಟರ್ನೆಟ್ ಬಂದ ಮೇಲೆ ಬೆಳೆದವು. ಓದುವಾಗ ಒಂದು ಸಂಗತಿ ನೆನಪಿರಲಿ: ಸಿಂಹ ಬದಲಾದಾಗಲೆಲ್ಲ ಬಹುಪಾಲು ಅದರ ಹಿಂದೆ ಸಿನಿಮಾದ ತಂತ್ರ ಬದಲಾಗಿರುತ್ತದೆ. ಧ್ವನಿ, ಬಣ್ಣ, ಅಗಲ ತೆರೆ, ಸ್ಟೀರಿಯೊ, ಕಂಪ್ಯೂಟರ್ ಎಂಬ ಸಾಲನ್ನು ಹಿಡಿದು ಹೊರಟರೆ ಯಾವ ಸಿಂಹ ಯಾವ ಕಾಲದ್ದು ಎಂಬ ಗೊಂದಲ ಬಹುಮಟ್ಟಿಗೆ ತೀರುತ್ತದೆ.

ಇಷ್ಟು ವರ್ಷ ತೆರೆಯ ಮೇಲೆ ಬಂದದ್ದು ಒಂದೇ ಸಿಂಹವೇ?

ಅಲ್ಲ. ಸಾಮಾನ್ಯವಾಗಿ ಏಳು ಹೆಸರು ಲೆಕ್ಕಕ್ಕೆ ಬರುತ್ತವೆ. ಸ್ಲ್ಯಾಟ್ಸ್ 1924ರಿಂದ 1928ರವರೆಗೆ, ಜ್ಯಾಕಿ 1928ರಿಂದ 1956ರವರೆಗೆ, ಟೆಲ್ಲಿ ಮತ್ತು ಕಾಫಿ 1928ರಿಂದ 1930ರ ದಶಕದ ನಡುಭಾಗದವರೆಗೆ ಒಂದರ ನಂತರ ಒಂದು, ಟ್ಯಾನರ್ 1934ರಿಂದ 1956ರವರೆಗೆ, ಜಾರ್ಜ್ 1956ರಿಂದ 1958ರ ಸುಮಾರಿನವರೆಗೆ, ಲಿಯೊ 1957ರಿಂದ. ವರ್ಷಗಳು ಒಂದರ ಮೇಲೊಂದು ಬಿದ್ದಿರುವುದನ್ನು ಗಮನಿಸಿ, ಇದು ಅಚ್ಚಿನ ತಪ್ಪಲ್ಲ. ಕಪ್ಪು-ಬಿಳುಪು ಚಿತ್ರಗಳಿಗೆ ಒಂದು ಸಿಂಹ, ಬಣ್ಣದ ಚಿತ್ರಗಳಿಗೆ ಇನ್ನೊಂದು ಎಂದು ಎರಡು ದಶಕಗಳ ಕಾಲ ಎರಡು ಸಿಂಹಗಳು ಒಟ್ಟೊಟ್ಟಿಗೆ ಚಾಲ್ತಿಯಲ್ಲಿದ್ದವು.

ಗೊಂದಲಕ್ಕೆ ಮುಖ್ಯ ಕಾರಣ ಹೆಸರು. ಯಾವ ಸಿಂಹವಾದರೂ ಸರಿ, ಪ್ರಚಾರದಲ್ಲಿ ಸ್ಟುಡಿಯೊ ಅದನ್ನು ‘ಲಿಯೊ’ ಎಂದೇ ಕರೆಯುತ್ತಿತ್ತು. ಹಾಗಾಗಿ ಹಳೆಯ ಪತ್ರಿಕೆಯಲ್ಲಿ ‘ಲಿಯೊ’ ಎಂದು ಓದಿದರೆ ಅದು ಯಾವ ಸಿಂಹ ಎಂಬುದನ್ನು ಸುದ್ದಿಯ ವರ್ಷ ನೋಡಿಯೇ ತಿಳಿಯಬೇಕು. ನಿಜವಾಗಿ ಲಿಯೊ ಎಂಬ ಹೆಸರು ಸಲ್ಲುವುದು 1957ರಲ್ಲಿ ಬಂದ ಸಿಂಹಕ್ಕೆ ಮಾತ್ರ.

ಹಳೆಯ ಸಿಂಹ ಸತ್ತದ್ದರಿಂದ ಹೊಸದನ್ನು ತಂದರೇ?

ಹಾಗೆ ತೋರುತ್ತದೆ, ಆದರೆ ಲಾಂಛನಕ್ಕೆ ಬೇಕಾದದ್ದು ಸಿಂಹವಲ್ಲ, ಸಿಂಹದ ನೆಗೆಟಿವ್. ಒಮ್ಮೆ ಚಿತ್ರೀಕರಿಸಿಕೊಂಡರೆ ಎಷ್ಟು ಚಿತ್ರಗಳಿಗೆ ಬೇಕಾದರೂ ಪ್ರತಿ ತೆಗೆಯಬಹುದು. ಜ್ಯಾಕಿ 1935ರಲ್ಲಿ ಫಿಲಡೆಲ್ಫಿಯಾ ಮೃಗಾಲಯದಲ್ಲಿ ಸತ್ತಿತು; ಅದರ ಗರ್ಜನೆ ಆಮೇಲೆ ಇಪ್ಪತ್ತೊಂದು ವರ್ಷ ತೆರೆಯ ಮೇಲೆ ನಡೆಯಿತು. ಹೊಸ ನೆಗೆಟಿವ್ ಬೇಕಾದದ್ದು ಹಳೆಯದು ಹೊಸ ತಂತ್ರಕ್ಕೆ ಒಗ್ಗದೆ ಹೋದಾಗ.

ಲಾಂಛನಕ್ಕೆ ಸಿಂಹವನ್ನೇ ಆರಿಸಿದ್ದು ಏಕೆ?

ಸಿಂಹ ಎಂಜಿಎಂಗಿಂತ ಹಳೆಯದು. 1916ರಲ್ಲಿ ಗೋಲ್ಡ್‌ವಿನ್ ಪಿಕ್ಚರ್ಸ್ ಎಂಬ ಕಂಪನಿಗಾಗಿ ಹೋವರ್ಡ್ ಡೀಟ್ಸ್ ಎಂಬ ಯುವಕ ಈ ಲಾಂಛನವನ್ನು ರೂಪಿಸಿದ. ಅವನು ಓದಿದ್ದು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಕ್ರೀಡಾ ತಂಡಗಳ ಗುರುತು ಸಿಂಹ. ಡೀಟ್ಸ್ ಮುಂದೆ ಎಂಜಿಎಂನ ಪ್ರಚಾರದ ಮುಖ್ಯಸ್ಥನಾದ, ಗೀತರಚನಕಾರನಾಗಿಯೂ ಹೆಸರು ಮಾಡಿದ.

1924ರ ಏಪ್ರಿಲ್‌ನಲ್ಲಿ ಮಾರ್ಕಸ್ ಲೋ ಎಂಬ ಚಿತ್ರಮಂದಿರಗಳ ಒಡೆಯ ಮೆಟ್ರೊ ಪಿಕ್ಚರ್ಸ್, ಗೋಲ್ಡ್‌ವಿನ್ ಪಿಕ್ಚರ್ಸ್ ಮತ್ತು ಲೂಯಿಸ್ ಬಿ. ಮೇಯರ್ ಪಿಕ್ಚರ್ಸ್ ಎಂಬ ಮೂರು ಕಂಪನಿಗಳನ್ನು ಒಂದುಗೂಡಿಸಿದ. ಹೊಸ ಕಂಪನಿ ಗೋಲ್ಡ್‌ವಿನ್‌ನ ಸಿಂಹವನ್ನೇ ಉಳಿಸಿಕೊಂಡಿತು. ಹೆಸರಿನಲ್ಲಿ ಗೋಲ್ಡ್‌ವಿನ್ ಇದ್ದರೂ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಎಂಜಿಎಂನಲ್ಲಿ ಇರಲಿಲ್ಲ; ವಿಲೀನಕ್ಕೆ ಮೊದಲೇ ಅವರು ತಮ್ಮ ಕಂಪನಿಯಿಂದ ಹೊರಬಿದ್ದಿದ್ದರು.

ಸಿಂಹದ ಸುತ್ತಲಿನ ಉಂಗುರದಲ್ಲಿ, ಅದರ ಕೆಳಗೆ ಏನೇನಿದೆ?

ಉಂಗುರ ಎಂದು ನಾವು ಕರೆಯುವುದು ಸುರುಳಿ ಸುತ್ತಿದ ಫಿಲ್ಮ್ ಪಟ್ಟಿ. ಅದರ ಮೇಲ್ಭಾಗದಲ್ಲಿ ‘ಆರ್ಸ್ ಗ್ರಾಷಿಯಾ ಆರ್ಟಿಸ್’ ಎಂಬ ಲ್ಯಾಟಿನ್ ಧ್ಯೇಯವಾಕ್ಯವಿದೆ. ಕಲೆಗಾಗಿ ಕಲೆ ಎಂದು ಅದರ ಆಶಯ. ಇದೂ ಡೀಟ್ಸ್ ಕೊಟ್ಟದ್ದೇ. ಕೆಳಗೆ ರಂಗಭೂಮಿಯ ಮುಖವಾಡ, ಅದರ ಎರಡೂ ಬದಿಗೆ ‘ಟ್ರೇಡ್ ಮಾರ್ಕ್’ ಎಂಬ ಎರಡು ಪದಗಳು.

ಮೊದಲ ಸಿಂಹ ಬಾಯಿಯನ್ನೇ ತೆರೆಯುವುದಿಲ್ಲವಲ್ಲ?

ಸ್ಲ್ಯಾಟ್ಸ್ ಮೂಕಿ ಚಿತ್ರಗಳ ಸಿಂಹ. ಸದ್ದೇ ಇಲ್ಲದ ಕಡೆ ಬಾಯಿ ತೆರೆದು ಪ್ರಯೋಜನವಿಲ್ಲ. ಅತ್ತಿತ್ತ ನೋಡುತ್ತದೆ, ಅಷ್ಟೇ. ಐರ್ಲೆಂಡಿನ ಡಬ್ಲಿನ್ ಮೃಗಾಲಯದಲ್ಲಿ 1919ರಲ್ಲಿ ಹುಟ್ಟಿದ ಇದನ್ನು ಪಳಗಿಸಿದವರು ವೋಲ್ನಿ ಫೈಫರ್. ಎಂಜಿಎಂ ಪೂರ್ತಿಯಾಗಿ ತಾನೇ ತಯಾರಿಸಿದ ಮೊದಲ ಚಿತ್ರ, 1924ರ ‘ಹೀ ಹೂ ಗೆಟ್ಸ್ ಸ್ಲಾಪ್ಡ್’ನಲ್ಲಿ ಇದನ್ನು ನೋಡಬಹುದು. 1936ರಲ್ಲಿ ಸತ್ತ ಸ್ಲ್ಯಾಟ್ಸನ್ನು ನ್ಯೂಜೆರ್ಸಿಯ ಗಿಲೆಟ್‌ನಲ್ಲಿ ಫೈಫರ್ ಅವರ ಜಮೀನಿನಲ್ಲಿ ಹೂಳಲಾಯಿತು. ಅದರ ಚರ್ಮ ಮಾತ್ರ ಕ್ಯಾನ್ಸಸ್‌ನ ಮೆಕ್‌ಫರ್ಸನ್ ಊರಿನ ವಸ್ತುಸಂಗ್ರಹಾಲಯ ಸೇರಿತು.

ಗರ್ಜನೆ ಮೊದಲು ಕೇಳಿಸಿದ್ದು ಯಾವಾಗ, ಹೇಗೆ?

1928ರ ಜುಲೈ 31ರಂದು ‘ವೈಟ್ ಶ್ಯಾಡೋಸ್ ಇನ್ ದ ಸೌತ್ ಸೀಸ್’ ತೆರೆಕಂಡಾಗ. ತೆರೆಯ ಮೇಲೆ ಜ್ಯಾಕಿ, ಧ್ವನಿ ಗ್ರಾಮಫೋನ್ ತಟ್ಟೆಯಿಂದ. ಎಂಜಿಎಂ ಚಿತ್ರವೊಂದಕ್ಕೆ ಹೊಂದಿಸಿದ ಧ್ವನಿ ಬಂದದ್ದೂ ಇದರಿಂದಲೇ.

ತಟ್ಟೆಯಿಂದ ಧ್ವನಿ ಬರಿಸುವುದರ ಕಷ್ಟ ತಿಳಿದರೆ, ಸ್ಟುಡಿಯೊಗಳು ಅದನ್ನು ಬೇಗ ಕೈಬಿಟ್ಟದ್ದೇಕೆ ಎಂಬುದೂ ತಿಳಿಯುತ್ತದೆ. ಆ ಕಾಲದ ಸಿನಿಮಾ ತಟ್ಟೆ 16 ಇಂಚು ಅಗಲ, ನಿಮಿಷಕ್ಕೆ 33⅓ ಸುತ್ತು. 1,000 ಅಡಿಯ ಒಂದು ರೀಲಿಗೆ ಒಂದು ತಟ್ಟೆ, ಸುಮಾರು 11 ನಿಮಿಷ. ಪ್ರೊಜೆಕ್ಟರ್ ನಡೆಸುವವರು ರೀಲಿನ ಆರಂಭದ ಗುರುತಿನ ಫ್ರೇಮನ್ನು ಗೇಟಿನಲ್ಲಿ, ಅಂದರೆ ಬೆಳಕು ಹಾಯುವ ಕಿಂಡಿಯಲ್ಲಿ ಕೂರಿಸಬೇಕು, ಮುಳ್ಳನ್ನು ತಟ್ಟೆಯ ಮೇಲಿನ ಬಾಣದ ಗುರುತಿಗೆ ಇಡಬೇಕು, ಎರಡನ್ನೂ ಒಂದೇ ಮೋಟಾರಿನಿಂದ ಓಡಿಸಬೇಕು. ಮುಳ್ಳು ಒಂದು ಗೆರೆ ಹಾರಿದರೆ ಆ ರೀಲು ಮುಗಿಯುವವರೆಗೂ ಸದ್ದು ಮತ್ತು ಚಿತ್ರ ಬೇರೆ ಬೇರೆ. ಫಿಲ್ಮ್ ತುಂಡಾಗಿ ಕೆಲವು ಫ್ರೇಮು ಕತ್ತರಿಸಿ ಅಂಟಿಸಿದ್ದರೂ ಅದೇ ಗತಿ. ಹಾಗಾಗಿ ಕತ್ತರಿಸಿದಷ್ಟೇ ಕಪ್ಪು ಫಿಲ್ಮ್ ಸೇರಿಸಿ ಉದ್ದ ಸರಿದೂಗಿಸಬೇಕಿತ್ತು. ಲಾಂಛನ ಬರುವುದು ರೀಲಿನ ತುದಿಯಲ್ಲೇ, ಯಂತ್ರಕ್ಕೆ ತೊಡಿಸುವಾಗ ಅತಿ ಹೆಚ್ಚು ಹರಿಯುವ ಜಾಗ ಅದು. ಬಾಯಿ ತೆರೆದಾಗ ಮೌನ, ಮುಚ್ಚಿದ ಮೇಲೆ ಗರ್ಜನೆ ಎಂಬಂತಾದರೆ ಚಿತ್ರ ಶುರುವಾಗುವ ಮುಂಚೆಯೇ ಸಭಿಕರು ನಗುತ್ತಾರೆ. ಧ್ವನಿಯನ್ನು ಫಿಲ್ಮಿನ ಅಂಚಿನಲ್ಲೇ ಅಚ್ಚುಮಾಡುವ ಪದ್ಧತಿ ನೆಲೆಯಾದ ಮೇಲೆ ಈ ಅಪಾಯ ಹೋಯಿತು.

ಸಿಂಹವನ್ನು ಉಂಗುರದೊಳಗೆ ತಲೆ ತೂರಿಸಿ ನಿಲ್ಲಿಸುತ್ತಿದ್ದರೇ?

ಇಲ್ಲ. ಜ್ಯಾಕಿಯ ಚಿತ್ರೀಕರಣದ ಪ್ರಸಿದ್ಧ ಪ್ರಚಾರ ಫೋಟೊದಲ್ಲಿ ಸಿಂಹ ಒಂದು ವೇದಿಕೆಯ ಮೇಲಿದೆ, ಎದುರಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿ ಕ್ಯಾಮೆರಾದವರೂ ಧ್ವನಿಯವರೂ ಇದ್ದಾರೆ. ಉಂಗುರ ಎಲ್ಲೂ ಕಾಣುವುದಿಲ್ಲ. ಉಂಗುರ ರಟ್ಟಿನ ಮೇಲೆ ಬರೆದ ಕಲಾಕೃತಿ. ಸಿಂಹ ಮತ್ತು ಉಂಗುರ ಸೇರುವುದು ಫಿಲ್ಮಿನ ಮೇಲೆ.

ಆ ಕಾಲದಲ್ಲಿ ಎರಡು ಚಿತ್ರಗಳನ್ನು ಹೀಗೆ ಬೆಸೆಯುವ ಕ್ರಮ ಇದು. ಮೊದಲು ಉಂಗುರದ ಚಿತ್ರವನ್ನು ದೊಡ್ಡದಾಗಿ ಬರೆದು, ನಡುವಿನ ವೃತ್ತವನ್ನು ಅಚ್ಚಕಪ್ಪಾಗಿ ಬಿಟ್ಟು, ಶೀರ್ಷಿಕೆಗಳನ್ನು ತೆಗೆಯುವ ಸ್ಟ್ಯಾಂಡಿನಲ್ಲಿ ಚಿತ್ರೀಕರಿಸುತ್ತಾರೆ. ಸಿಂಹವನ್ನು ಸರಳವಾದ ಹಿನ್ನೆಲೆಯ ಮುಂದೆ, ಅಲುಗದಂತೆ ಬಿಗಿದ ಕ್ಯಾಮೆರಾದಲ್ಲಿ, ಲೆನ್ಸ್ ಸಿಂಹದ ಕಣ್ಣಿನ ಎತ್ತರಕ್ಕೆ ಬರುವಂತೆ ತೆಗೆಯುತ್ತಾರೆ. ನಂತರ ಎರಡು ಮರೆಗಳು: ಒಂದರಲ್ಲಿ ವೃತ್ತದೊಳಗೆ ಪಾರದರ್ಶಕ, ಹೊರಗೆ ಕಪ್ಪು, ಇನ್ನೊಂದರಲ್ಲಿ ಇದರ ತಿರುವುಮುರುವು. ಹೊಸ ನೆಗೆಟಿವಿನ ಮೇಲೆ ಮೊದಲ ಮರೆಯ ಮೂಲಕ ಸಿಂಹವನ್ನು ಅಚ್ಚುಮಾಡಿ, ಫಿಲ್ಮನ್ನು ಮೊದಲ ಫ್ರೇಮಿಗೆ ಹಿಂದಕ್ಕೆ ಸುತ್ತಿ, ಎರಡನೆಯ ಮರೆಯ ಮೂಲಕ ಉಂಗುರವನ್ನು ಅಚ್ಚುಮಾಡುತ್ತಾರೆ. ಸೆಕೆಂಡಿಗೆ 24 ಫ್ರೇಮಿನಂತೆ 10 ಸೆಕೆಂಡಿನ ಲಾಂಛನಕ್ಕೆ 240 ಫ್ರೇಮು, 35 ಮಿ.ಮೀ. ಫಿಲ್ಮಿನಲ್ಲಿ 15 ಅಡಿ.

ಇಲ್ಲಿ ಕೆಡುವುದು ಮೂರು ಕಡೆ. ಎರಡು ಸಲ ಓಡುವಾಗ ಫಿಲ್ಮ್ ಯಂತ್ರದ ಹಲ್ಲುಗಳಲ್ಲಿ ಕೂದಲೆಳೆಯಷ್ಟು ಬೇರೆಯಾಗಿ ಕೂತರೂ, ಉಂಗುರ ನಿಂತಲ್ಲೇ ನಿಂತು ಸಿಂಹ ಮಾತ್ರ ಮೆಲ್ಲಗೆ ತೂಗುತ್ತದೆ. ಮರೆಯ ಅಂಚು ಸರಿಯಾಗಿ ಕೂಡದಿದ್ದರೆ ವೃತ್ತದ ಸುತ್ತ ಬೆಳಕಿನದೋ ಕತ್ತಲಿನದೋ ಗೆರೆ ಮೂಡುತ್ತದೆ. ಪ್ರತಿಯ ಪ್ರತಿ ತೆಗೆದಂತೆಲ್ಲ ಕೇಸರದ ಕೂದಲು ಕರಗಿ ಮುದ್ದೆಯಾಗುತ್ತದೆ. ಹಳೆಯ ಪ್ರಿಂಟಿನಲ್ಲಿ ಚಿತ್ರಕ್ಕಿಂತ ಲಾಂಛನವೇ ಒರಟಾಗಿ ಕಂಡರೆ ಕಾರಣ ಇದೇ: ಚಿತ್ರ ಮೂಲ ನೆಗೆಟಿವಿಗೆ ಹತ್ತಿರವಿರುತ್ತದೆ, ಲಾಂಛನ ಕೆಲವು ತಲೆಮಾರು ದೂರದಲ್ಲಿರುತ್ತದೆ.

ಸಿಂಹ ನಿಜವಾಗಿ ಹೀಗೇ ಗರ್ಜಿಸುತ್ತದೆಯೇ?

ಕಾಡಿನ ಸಿಂಹದ ಗರ್ಜನೆ ಒಂದು ಸಲದ ಆರ್ಭಟವಲ್ಲ. ತಲೆ ಮುಂದಕ್ಕೆ ಚಾಚಿ, ಬಾಯಿ ಅರೆ ತೆರೆದು, ದೀರ್ಘ ಸ್ವರಗಳಿಂದ ಶುರುವಾಗಿ ಗುಟುರುಗಳ ಸರಣಿಯಲ್ಲಿ ಇಳಿಯುತ್ತದೆ. ಪೂರ್ತಿ ಮುಗಿಯಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ಒಂದು ಮೀಟರ್ ದೂರದಲ್ಲಿ 114 ಡೆಸಿಬೆಲ್‌ವರೆಗೆ ಮುಟ್ಟುವ ಆ ಸದ್ದು 8 ಕಿ.ಮೀ. ದೂರಕ್ಕೂ ಕೇಳಬಲ್ಲದು. ಲಾಂಛನಕ್ಕೆ ಸಿಗುವುದು ಕೆಲವೇ ಸೆಕೆಂಡು, ಕೋರೆಹಲ್ಲೂ ಕಾಣಬೇಕು. ಆದ್ದರಿಂದ ತೆರೆಯ ಮೇಲೆ ನಾವು ನೋಡುವುದು ಗರ್ಜನೆಗಿಂತ ಹೆಚ್ಚಾಗಿ ಗುರ್ರೆನ್ನುವ, ಹಲ್ಲು ಕಿಸಿಯುವ ಮುಖಭಾವ.

ಬಣ್ಣ ಬಂದಾಗ ಕಪ್ಪು-ಬಿಳುಪಿನ ಸಿಂಹವನ್ನೇ ಬಳಸಬಹುದಿತ್ತಲ್ಲ?

ಬಳಸಿದರೆ ಪ್ರೇಕ್ಷಕರು ಮೊದಲ ಹತ್ತು ಸೆಕೆಂಡು ಬಣ್ಣವಿಲ್ಲದೆ ಕೂರಬೇಕಾಗುತ್ತಿತ್ತು. ಬಣ್ಣಕ್ಕೆಂದೇ ಹೆಚ್ಚು ಹಣ ಸುರಿದ ಚಿತ್ರಕ್ಕೆ ಅದು ಒಳ್ಳೆಯ ಆರಂಭವಲ್ಲ. ಹಾಗಾಗಿ ಟೆಕ್ನಿಕಲರ್ ಎಂಬ ಬಣ್ಣದ ಫಿಲ್ಮ್ ಪದ್ಧತಿಯ ಮೊದಲಿನ, ಎರಡು ಬಣ್ಣದ ಕಾಲಕ್ಕೆ ಟೆಲ್ಲಿ, ಆಮೇಲೆ ಕಾಫಿ ಬಂದವು. ಟೆಲ್ಲಿಯನ್ನು ನೋಡಲು 1928ರ ‘ದ ವೈಕಿಂಗ್’ ಹುಡುಕಿ. ಆ ಪದ್ಧತಿಯಲ್ಲಿ ಬೆಳಕನ್ನು ಕೆಂಪು ಮತ್ತು ಹಸಿರು ಎಂದು ಎರಡಾಗಿ ಮಾತ್ರ ಸೀಳುತ್ತಿದ್ದರು. ಅಚ್ಚ ನೀಲಿ, ಅಚ್ಚ ಹಳದಿ ಬರುತ್ತಿರಲಿಲ್ಲ. ಕಂದು, ಕಿತ್ತಳೆ, ಮೈಬಣ್ಣ ಚೆನ್ನಾಗಿ ಬರುತ್ತಿದ್ದವು. ಸಿಂಹದ ಬಣ್ಣವೂ ಅದೇ ಆದ್ದರಿಂದ ಈ ಎರಡು ಲಾಂಛನಗಳು ಇಂದಿಗೂ ಕಣ್ಣಿಗೆ ಹಿತವಾಗಿವೆ. ಎರಡು ಬಣ್ಣದ ಚಿತ್ರಗಳ ಸಂಖ್ಯೆಯೇ ಕಡಿಮೆಯಾದ್ದರಿಂದ ಇವುಗಳನ್ನು ನೋಡಿದವರೂ ಕಡಿಮೆ. ಎಂಜಿಎಂ ಸಿಂಹಗಳಲ್ಲಿ ಅನ್ಯಾಯವಾಗಿ ಮರೆತುಹೋದವು ಯಾವುವೆಂದರೆ ಇವೇ.

1930ರ ದಶಕದ ಮೊದಲ ಭಾಗದಲ್ಲಿ ಮೂರು ನೆಗೆಟಿವ್ ಒಟ್ಟಿಗೆ ಓಡುವ ಟೆಕ್ನಿಕಲರ್ ಕ್ಯಾಮೆರಾ ಬಂತು. ಲೆನ್ಸ್‌ನ ಹಿಂದೆ ಪಟ್ಟಕ ಬೆಳಕನ್ನು ಹಂಚುತ್ತಿದ್ದುದರಿಂದ ಪ್ರತಿ ನೆಗೆಟಿವಿಗೂ ಸಿಗುವ ಪಾಲು ಸಣ್ಣದು. ಅದನ್ನು ತುಂಬಿಕೊಡಲು ಸೆಟ್ಟಿನಲ್ಲಿ ಆರ್ಕ್ ದೀಪಗಳ ರಾಶಿ, ಅದರ ಬಿಸಿ. ಈ ಕ್ಯಾಮೆರಾದ ಸಿಂಹವೇ ಟ್ಯಾನರ್. 1934ರಿಂದ ಕಿರುಚಿತ್ರಗಳಲ್ಲಿ, 1938ರಲ್ಲಿ ‘ಸ್ವೀಟ್‌ಹಾರ್ಟ್ಸ್’ ಎಂಬ ಪೂರ್ಣ ಟೆಕ್ನಿಕಲರ್ ಚಿತ್ರ ಬಂದ ಮೇಲೆ ದೊಡ್ಡ ಚಿತ್ರಗಳಲ್ಲೂ ಟ್ಯಾನರ್ ನೆಲೆಸಿತು.

‘ದ ವಿಝರ್ಡ್ ಆಫ್ ಆಝ್’ ಬಣ್ಣದ ಚಿತ್ರ. ಅದರಲ್ಲಿ ಜ್ಯಾಕಿ ಏಕೆ?

1939ರ ಆ ಚಿತ್ರ ಶುರುವಾಗುವುದು ಕಂದುಛಾಯೆಯ ದೃಶ್ಯಗಳಿಂದ. ಬಣ್ಣ ಬರುವುದು ಕತೆ ಆಝ್ ನಾಡಿಗೆ ಹೋದ ಮೇಲೆ. ಆರಂಭದಲ್ಲೇ ಬಣ್ಣದ ಟ್ಯಾನರ್ ಬಂದರೆ ಆ ಅಚ್ಚರಿಯ ಗುಟ್ಟು ಒಡೆಯುತ್ತಿತ್ತು. ಆದ್ದರಿಂದ ಜ್ಯಾಕಿಯನ್ನೇ ಕಂದುಛಾಯೆಯಲ್ಲಿ ಅಚ್ಚುಮಾಡಿದರು.

1956ರಲ್ಲಿ ಒಮ್ಮೆಲೇ ಎರಡೂ ಸಿಂಹಗಳನ್ನು ಬಿಟ್ಟದ್ದೇಕೆ?

ತೆರೆ ಅಗಲವಾಯಿತು. ಜ್ಯಾಕಿ, ಟ್ಯಾನರ್ ಇಬ್ಬರದೂ 1.37:1 ಅಳತೆಯ ಚಿತ್ರ. 1953ರ ನಂತರ ಸಿನಿಮಾಸ್ಕೋಪ್ ಬಂದು ಅಗಲ ಎತ್ತರದ ಎರಡೂವರೆ ಪಟ್ಟಿನಷ್ಟಾಯಿತು. ಎಂಜಿಎಂ ತನ್ನದೇ ‘ಕ್ಯಾಮೆರಾ 65’ ಪದ್ಧತಿಯಲ್ಲಿ 2.76:1ಕ್ಕೂ ಹೋಯಿತು. ಹಳೆಯ ಚೌಕಾಕಾರದ ಲಾಂಛನವನ್ನು ತೆರೆಯ ತುಂಬ ಹಿಗ್ಗಿಸಿದರೆ ಮೇಲಿನ ಹೆಸರು, ಕೆಳಗಿನ ಮುಖವಾಡ ಕತ್ತರಿಸಿ ಹೋಗುತ್ತವೆ. ಹಿಗ್ಗಿಸದಿದ್ದರೆ ಎರಡೂ ಬದಿಗೆ ದೊಡ್ಡ ಖಾಲಿ ಜಾಗ. ಅದೂ ಅಲ್ಲದೆ ಇಪ್ಪತ್ತೈದು ವರ್ಷದ ಹಿಂದಿನ ನೆಗೆಟಿವ್ ಅಷ್ಟು ದೊಡ್ಡ ತೆರೆಯ ಮೇಲೆ ಕಣಕಣವಾಗಿ ಒಡೆದು ಕಾಣುತ್ತದೆ.

ಹೊಸದಾಗಿ ತೆಗೆದದ್ದು ಜಾರ್ಜ್ ಎಂಬ ಸಿಂಹವನ್ನು. ಅದು ಹೆಚ್ಚು ಕಾಲ ನಡೆಯಲಿಲ್ಲ, ಮರುವರ್ಷವೇ ಲಿಯೊ ಬಂತು. ರಾಲ್ಫ್ ಹೆಲ್ಫರ್ ಪಳಗಿಸಿದ ಲಿಯೊ ಚಿತ್ರೀಕರಣದ ಹೊತ್ತಿಗೆ ಎಲ್ಲ ಸಿಂಹಗಳಿಗಿಂತ ಕಿರಿಯ. ಕೇಸರ ಇನ್ನೂ ಪೂರ್ತಿ ತುಂಬಿರಲಿಲ್ಲ. ಆ ಚಿಕ್ಕ ಕೇಸರದ ಮರಿಗಂಡು ಅರುವತ್ತು ವರ್ಷ ಮೀರಿ ಎಂಜಿಎಂನ ಮುಖವಾಗಿ ಉಳಿಯಿತು.

ಯಾವ ಸಿಂಹ ಎಂದು ಗುರುತಿಸುವುದು ಹೇಗೆ?

ಮುಖ ನೋಡಿ ಗುರುತಿಸಲು ಹೋಗಬೇಡಿ. ಮೊದಲು ಚಿತ್ರದ ತಂತ್ರ ನೋಡಿ, ಅಲ್ಲಿಗೆ ಆಯ್ಕೆ ಒಂದೆರಡಕ್ಕೆ ಇಳಿಯುತ್ತದೆ. ಆಮೇಲೆ ಚಲನೆ ನೋಡಿ.

ಮೂಕಿ ಚಿತ್ರ, ಸಿಂಹ ಸುಮ್ಮನೆ ಅತ್ತಿತ್ತ ನೋಡುತ್ತದೆ: ಸ್ಲ್ಯಾಟ್ಸ್. ಕಪ್ಪು-ಬಿಳುಪು, ಮೊದಲು ಮೆಲುದನಿಯ ಗುರುಗುಟ್ಟು, ನಂತರ ಜೋರು ಗರ್ಜನೆ, ಸಣ್ಣ ವಿರಾಮ, ಕೊನೆಗೊಂದು ಗರ್ಜನೆ, ಆಮೇಲೆ ತೆರೆಯ ಬಲಕ್ಕೆ ನೋಟ: ಜ್ಯಾಕಿ. ಬಲಕ್ಕೆ ನೋಡಿದ ಮೇಲೆ ಮತ್ತೆ ಎದುರಿಗೆ ತಿರುಗಿದರೆ ಅದು 1933ರ ಸುಮಾರಿನವರೆಗೆ ಇದ್ದ ಉದ್ದದ ಆವೃತ್ತಿ, ಚಿತ್ರದ ಕಾಲ ತಿಳಿಯಲು ಒಳ್ಳೆಯ ಸುಳಿವು. ಬಣ್ಣ, ಚೌಕಾಕಾರದ ತೆರೆ, ತುಂಬು ಕೇಸರ, ಮೂರು ಸಲ ಗರ್ಜನೆ: ಟ್ಯಾನರ್. ಬಣ್ಣವೇನೋ ಇದೆ, ಆದರೆ ನೀಲಿ ಎಂಬುದೇ ಚಿತ್ರದಲ್ಲಿಲ್ಲ ಎಂದಾದರೆ ಟೆಲ್ಲಿ ಅಥವಾ ಕಾಫಿ. 1956–58ರ ಚಿತ್ರ, ಎಲ್ಲಕ್ಕಿಂತ ದಟ್ಟ ಕೇಸರ: ಜಾರ್ಜ್. ಚಿಕ್ಕ ಕೇಸರ: ಲಿಯೊ. ಲಿಯೊದಲ್ಲೂ ಎರಡು ಬಗೆ. 1957ರಿಂದ 1960ರವರೆಗೆ ಮೂರು ಸಲ ಗರ್ಜಿಸುವ ಉದ್ದದ ಆವೃತ್ತಿಯೂ ಇತ್ತು. ಆಮೇಲಿನದು ಎರಡು ಸಲದ್ದು.

ಜಾರ್ಜ್ ಸಿಂಹ ವಿಪರೀತ ತೆಳ್ಳಗೆ, ಉದ್ದಮುಖವಾಗಿ ಕಂಡರೆ ಸಿಂಹದ ತಪ್ಪಲ್ಲ. ಸಿನಿಮಾಸ್ಕೋಪ್ ಫಿಲ್ಮಿನಲ್ಲಿ ಚಿತ್ರವನ್ನು ಅಡ್ಡಕ್ಕೆ ಅರ್ಧದಷ್ಟು ಹಿಂಡಿ ಇಟ್ಟಿರುತ್ತಾರೆ. ಅದನ್ನು ಬಿಡಿಸುವ ಲೆನ್ಸ್ ಹಾಕದೆ ಓಡಿಸಿದ ಅಥವಾ ಡಿಜಿಟಲ್ ಮಾಡಿದ ಪ್ರತಿ ಅದು.

ನನ್ನ ಬಳಿಯ ಹಳೆಯ ಚಿತ್ರದ ಪ್ರತಿಯಲ್ಲಿ ಕಾಲಕ್ಕೆ ಹೊಂದದ ಸಿಂಹವಿದೆ. ನಿಮ್ಮ ಪಟ್ಟಿ ತಪ್ಪೇ?

ಪ್ರತಿಯ ಮೂಲವನ್ನು ಮೊದಲು ಅನುಮಾನಿಸಿ. ಚಿತ್ರ ಮತ್ತೆ ಬಿಡುಗಡೆಯಾದಾಗ ಆಗಿನ ಚಾಲ್ತಿಯ ಸಿಂಹವನ್ನು ಮುಂದೆ ಅಂಟಿಸುವುದುಂಟು. ಟೀವಿಗೆ ಕೊಡುವಾಗ ಲಾಂಛನ ಕಿತ್ತು ವಿತರಕರ ಗುರುತು ಹಾಕಿದ್ದೂ ಉಂಟು. ಆಮೇಲೆ ಯಾರೋ ಬೇರೆ ಚಿತ್ರದಿಂದ ಸಿಂಹ ತಂದು ಜೋಡಿಸಿರುತ್ತಾರೆ.

ಹೀಗೆ ಜೋಡಿಸಿದ್ದನ್ನು ಕಿವಿಯಿಂದ ಹಿಡಿಯಬಹುದು. 35 ಮಿ.ಮೀ. ಫಿಲ್ಮಿನಲ್ಲಿ ಒಂದು ಫ್ರೇಮಿಗೆ ಸೇರಿದ ಸದ್ದು ಆ ಫ್ರೇಮಿನ ಪಕ್ಕದಲ್ಲಿರುವುದಿಲ್ಲ, ಸುಮಾರು 20 ಫ್ರೇಮು ಮುಂದಿರುತ್ತದೆ. ಪ್ರೊಜೆಕ್ಟರಿನಲ್ಲಿ ಫಿಲ್ಮ್ ಮೊದಲು ಗೇಟನ್ನು, ಆಮೇಲೆ ಧ್ವನಿ ಓದುವ ಭಾಗವನ್ನು ದಾಟುವುದರಿಂದ ಹಾಗೆ. ಬೇರೆ ಪ್ರಿಂಟಿನ ಸಿಂಹವನ್ನು ಅಂಟಿಸಿದರೆ, ಚಿತ್ರದ ಶೀರ್ಷಿಕೆ ತೆರೆಗೆ ಬಂದ ಮೇಲೂ 20 ಫ್ರೇಮಿನಷ್ಟು, ಅಂದರೆ ಒಂದು ಸೆಕೆಂಡಿಗೆ ತುಸು ಕಡಿಮೆ, ಹಳೆಯ ತುಂಡಿನ ಸದ್ದೇ ಕೇಳುತ್ತದೆ. ಶೀರ್ಷಿಕೆ ಸಂಗೀತದ ಮೊದಲ ಸ್ವರ ನುಂಗಿಹೋಗಿ ನಡುವಿನಿಂದ ಥಟ್ಟನೆ ಶುರುವಾದರೆ, ಅಲ್ಲಿ ಕತ್ತರಿ ಆಡಿದೆ.

‘ಬೆನ್-ಹರ್’ನಲ್ಲಿ ಸಿಂಹ ಏಕೆ ಸುಮ್ಮನಿದೆ?

1959ರ ಆ ಚಿತ್ರ ಯೇಸುವಿನ ಜನನದ ದೃಶ್ಯದಿಂದ ಆರಂಭವಾಗುತ್ತದೆ. ಅದಕ್ಕೆ ಮುಂಚೆ ಗರ್ಜನೆ ಸಲ್ಲದು ಎಂದು ನಿರ್ದೇಶಕ ವಿಲಿಯಂ ವೈಲರ್ ಭಾವಿಸಿದರು. ಸ್ಟುಡಿಯೊ ಒಪ್ಪಿತು, ಲಿಯೊದ ನಿಶ್ಚಲ ಚಿತ್ರ ಮಾತ್ರ ಬಂದು ಹೋಗುತ್ತದೆ.

ಗೆರೆಗಳಲ್ಲಿ ಬರೆದ ಸಿಂಹದ ತಲೆಯೊಂದನ್ನು ನೋಡಿದ ನೆನಪು. ಅದೂ ಎಂಜಿಎಂದೇ?

ಹೌದು. 1960ರ ದಶಕದ ನಡುವೆ ಸ್ಟುಡಿಯೊ ಹೊಸಕಾಲಕ್ಕೆ ತಕ್ಕ ಗ್ರಾಫಿಕ್ ಸಿಂಹವೊಂದನ್ನು ಪ್ರಯತ್ನಿಸಿತು. ಅದು ಅಲುಗಲೂ ಇಲ್ಲ, ಗರ್ಜಿಸಲೂ ಇಲ್ಲ. 1966ರ ‘ಗ್ರ್ಯಾಂಡ್ ಪ್ರಿ’, 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಂಥ ಬೆರಳೆಣಿಕೆಯ ಚಿತ್ರಗಳಲ್ಲಿ ಬಂದು ನಿಂತುಹೋಯಿತು. ಮುಂದೆ ಆ ವಿನ್ಯಾಸ ಎಂಜಿಎಂ ರೆಕಾರ್ಡ್ಸ್‌ನಲ್ಲಿ, ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ ಬಾಳಿತು. ‘2001’ರ ನಿಶ್ಶಬ್ದ ಆರಂಭಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ, ಉಳಿದ ಕಡೆ ಜೀವಂತ ಸಿಂಹದ ಜಾಗ ತುಂಬುವ ಶಕ್ತಿ ಅದಕ್ಕಿರಲಿಲ್ಲ.

‘ಟಾಮ್ ಅಂಡ್ ಜೆರ್ರಿ’ಯಲ್ಲಿ ಬರುವ ಸಿಂಹ ಯಾವುದು?

1940–50ರ ದಶಕದ ಬಣ್ಣದ ಕಾರ್ಟೂನುಗಳಲ್ಲಿ ಟ್ಯಾನರ್. 1963ರಿಂದ 1967ರವರೆಗೆ ಚಕ್ ಜೋನ್ಸ್ ತಯಾರಿಸಿದ ಸರಣಿಯಲ್ಲೂ ಟ್ಯಾನರ್ ಗರ್ಜಿಸುತ್ತದೆ. ನಂತರ ಉಂಗುರದೊಳಗೆ ಅದರ ಜಾಗದಲ್ಲಿ ಟಾಮ್ ಬಂದು ಬೆಕ್ಕಿನ ದನಿ ತೆಗೆಯುತ್ತದೆ. ದೊಡ್ಡ ಚಿತ್ರಗಳಿಂದ ನಿವೃತ್ತಿಯಾದ ಟ್ಯಾನರ್‌ಗೆ ಇದು ಎರಡನೆಯ ಸುತ್ತು. ಟೀವಿ ಕೃಪೆಯಿಂದ ಬಹಳ ಮಂದಿಗೆ ಪರಿಚಯವಾದ ಮೊದಲ ಎಂಜಿಎಂ ಸಿಂಹವೂ ಇದೇ ಇರಬೇಕು.

ಈಗ ಕೇಳುವ ಗರ್ಜನೆ ಹುಲಿಯದ್ದಂತೆ. ನಿಜವೇ?

ಬಹುಮಟ್ಟಿಗೆ ನಿಜ. ಹಳೆಯ ಗರ್ಜನೆ ಒಂದೇ ಚಾನೆಲ್ಲಿನ ಧ್ವನಿ. ಎತ್ತರದ ಸ್ವರಗಳೂ ತೀರ ತಗ್ಗಿನ ಗುಡುಗೂ ಅದರಲ್ಲಿ ಉಳಿದಿರಲಿಲ್ಲ. ಡಾಲ್ಬಿ ಸ್ಟೀರಿಯೊ ಚಿತ್ರದ ಮುಂದೆ ಅದನ್ನು ಹಾಕಿದರೆ ಸದ್ದು ತೆರೆಯ ನಡುವಿನ ಒಂದು ಸ್ಪೀಕರಿನಲ್ಲಿ ಕುಗ್ಗಿ ಕೂರುತ್ತಿತ್ತು. 1982ರಲ್ಲಿ ‘ಪೋಲ್ಟರ್‌ಗೈಸ್ಟ್’ ಚಿತ್ರಕ್ಕೆ ಕೆಲಸ ಮಾಡುತ್ತಿದ್ದ ಧ್ವನಿ ಸಂಕಲನಕಾರ ಮಾರ್ಕ್ ಮ್ಯಾಂಜಿನಿ ಗರ್ಜನೆಯನ್ನು ಹೊಸದಾಗಿ ಕಟ್ಟಿದರು. ಲಾಂಛನಕ್ಕೆ ಬೇಕಾದ ರೌದ್ರ ಸಿಂಹದ ದನಿಯಲ್ಲಿ ಸಿಗದೆ ಹುಲಿಗಳ ದನಿಯನ್ನು ಬಳಸಿದರು. 1990ರ ದಶಕದಲ್ಲಿ ಡಿಜಿಟಲ್ ಧ್ವನಿಗಾಗಿ ಅದನ್ನು ಮತ್ತೆ ತಿದ್ದಲಾಯಿತು. 1957ರ ಮುಖ, 1980ರ ದಶಕದ ನಂತರದ ದನಿ: ನಾವು ಬೆಳೆದದ್ದು ಈ ಜೋಡಣೆಯನ್ನು ಕೇಳುತ್ತಲೇ. ಶುದ್ಧ ಸಿಂಹದ ಗುಟುರು ಬೇಕೆನ್ನುವವರು ಜ್ಯಾಕಿಯ ಕಾಲದ ಒಳ್ಳೆಯ ಪ್ರತಿಯೊಂದನ್ನು ಕಿವಿಗೊಟ್ಟು ಕೇಳಬೇಕು. ಧ್ವನಿಪಥ ಸವೆದಿದ್ದರೂ ಅದರ ಮೊದಲ ಮೆಲುದನಿಯಲ್ಲಿ ಇರುವ ಎದೆಯಾಳ ಬೇರೆಲ್ಲೂ ಇಲ್ಲ.

ಚಿತ್ರೀಕರಣದ ಸಮಯದಲ್ಲಿ ಸಿಂಹ ತರಬೇತುದಾರನನ್ನು ಕೊಂದಿತು ಎಂಬ ಕತೆ?

ಸುಳ್ಳು. ಸ್ಲ್ಯಾಟ್ಸನ್ನು ಪಳಗಿಸಿದ ಫೈಫರ್ ಸಿಂಹಕ್ಕಿಂತ ಹೆಚ್ಚು ಕಾಲ ಬದುಕಿದರು, ಅದನ್ನು ಮಣ್ಣು ಮಾಡಿದವರೂ ಅವರೇ.

ಸಿಂಹವೊಂದನ್ನು ಮೇಜಿಗೆ ಮಲಗಿಸಿ ಪಟ್ಟಿಗಳಿಂದ ಕಟ್ಟಿದ ಫೋಟೊ ಕೂಡ ‘ಎಂಜಿಎಂ ಲಾಂಛನ ತೆಗೆದ ಕ್ರೂರ ವಿಧಾನ’ ಎಂದು ಹರಿದಾಡುತ್ತದೆ. ಅದು ಇಸ್ರೇಲಿನಲ್ಲಿ ಕಾಯಿಲೆಯ ಸಿಂಹವೊಂದಕ್ಕೆ ಪಶುವೈದ್ಯರು ಸ್ಕ್ಯಾನ್ ಮಾಡುತ್ತಿದ್ದಾಗ ತೆಗೆದದ್ದು. ಲಾಂಛನಕ್ಕೂ ಅದಕ್ಕೂ ಸಂಬಂಧವಿಲ್ಲ.

ವಿಮಾನ ಬಿದ್ದರೂ ಬದುಕಿದ ಸಿಂಹದ ಕತೆಯೂ ಕಟ್ಟುಕತೆಯೇ?

ಇದು ನಡೆದದ್ದು. 1927ರ ಸೆಪ್ಟೆಂಬರ್‌ನಲ್ಲಿ ಪ್ರಚಾರಕ್ಕೆಂದು ಸಿಂಹವನ್ನು ಸ್ಯಾನ್ ಡಿಯಾಗೊದಿಂದ ನ್ಯೂಯಾರ್ಕಿಗೆ ಎಲ್ಲೂ ಇಳಿಸದೆ ವಿಮಾನದಲ್ಲಿ ಒಯ್ಯುವ ಯೋಜನೆ ಹಾಕಿದರು. ಚಾಲಕ ಮಾರ್ಟಿನ್ ಜೆನ್ಸನ್. ರಯಾನ್ ಕಂಪನಿಯ ವಿಮಾನ, ಒಳಗೆ ಪಂಜರ. ಸಿಂಹ, ಪಂಜರ, ದೂರದ ಹಾರಾಟಕ್ಕೆ ಬೇಕಾದ ಪೆಟ್ರೋಲು ಎಲ್ಲ ಸೇರಿ ಭಾರ ವಿಪರೀತವಾಗಿತ್ತು. ಅರಿಝೋನಾದ ಬೆಟ್ಟಗಳನ್ನು ದಾಟುವಷ್ಟು ಎತ್ತರಕ್ಕೆ ಏರಲಾಗದೆ ಪೇಸನ್ ಊರಿನ ಹತ್ತಿರದ ಕಣಿವೆಯಲ್ಲಿ ವಿಮಾನ ಬಿತ್ತು. ಜೆನ್ಸನ್ ದಿನಗಟ್ಟಲೆ ನಡೆದು ಸಹಾಯ ತಂದರು. ಪಂಜರದಲ್ಲಿದ್ದ ಸಿಂಹ ಜೀವಂತ ಸಿಕ್ಕಿತು. ಆಗಲೂ ಪತ್ರಿಕೆಗಳು ಅದನ್ನು ‘ಲಿಯೊ’ ಎಂದೇ ಬರೆದವು.

ಗರ್ಜನೆಗೆ ಟ್ರೇಡ್‌ಮಾರ್ಕ್ ಇದೆಯೇ? ನನ್ನ ವಿಡಿಯೊಗೆ ಬಳಸಬಹುದೇ?

ಅಮೆರಿಕದಲ್ಲಿ 1986ರಿಂದ ಗರ್ಜನೆಯ ಸದ್ದೇ ನೋಂದಾಯಿತ ಗುರುತು. ಕೆನಡಾದಲ್ಲಿ ಇದಕ್ಕಾಗಿ ಇಪ್ಪತ್ತು ವರ್ಷ ಹೋರಾಡಬೇಕಾಯಿತು. 2012ರಲ್ಲಿ ನ್ಯಾಯಾಲಯದ ಆದೇಶದ ನಂತರ ಅಲ್ಲಿನ ಕಚೇರಿ ಸದ್ದನ್ನು ಗುರುತಾಗಿ ನೋಂದಾಯಿಸಲು ಶುರುಮಾಡಿತು. ಐರೋಪ್ಯ ಒಕ್ಕೂಟದಲ್ಲಿ ಕಂಪನಿ ಗರ್ಜನೆಯ ಸ್ವರಚಿತ್ರವನ್ನು, ಅಂದರೆ ಸಮಯ ಮತ್ತು ಆವರ್ತನ ತೋರಿಸುವ ನಕ್ಷೆಯನ್ನು ಸಲ್ಲಿಸಿತ್ತು. ನಕ್ಷೆಯ ಅಕ್ಷಗಳಿಗೆ ಅಳತೆಯನ್ನೇ ಹಾಕಿರಲಿಲ್ಲ. ಅದನ್ನು ನೋಡಿ ಸದ್ದನ್ನು ಓದಲಾಗದು ಎಂದು 2003ರಲ್ಲಿ ಮೇಲ್ಮನವಿ ಮಂಡಳಿ ತಿರಸ್ಕರಿಸಿತು.

ಬಳಕೆಯ ವಿಷಯದಲ್ಲಿ ಕೃತಿಸ್ವಾಮ್ಯ ಬೇರೆ, ಟ್ರೇಡ್‌ಮಾರ್ಕ್ ಬೇರೆ. ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ ಕೃತಿಸ್ವಾಮ್ಯ 95 ವರ್ಷ. 1924ರ ಚಿತ್ರಗಳು 2020ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. ಆ ಚಿತ್ರದೊಳಗಿನ ಸ್ಲ್ಯಾಟ್ಸ್ ದೃಶ್ಯವನ್ನು ಚಿತ್ರದ ಭಾಗವಾಗಿ ತೋರಿಸುವುದು ಒಂದು ಮಾತು. ಸಿಂಹವನ್ನೂ ಉಂಗುರವನ್ನೂ ನಿಮ್ಮ ಸಂಸ್ಥೆಯ ಗುರುತಿನಂತೆ ಮುಂದಿಡುವುದು ಬೇರೆಯೇ ಮಾತು. ಟ್ರೇಡ್‌ಮಾರ್ಕಿಗೆ 95 ವರ್ಷದ ಗಡುವಿಲ್ಲ, ಬಳಸಿ ನವೀಕರಿಸುತ್ತಿರುವವರೆಗೂ ಅದು ಜೀವಂತ.

ಹಳೆಯ ಎಂಜಿಎಂ ಚಿತ್ರಗಳ ಡಿಸ್ಕಿನ ಮೇಲೆ ವಾರ್ನರ್ ಹೆಸರು ಏಕೆ?

1986ರಲ್ಲಿ ಟೆಡ್ ಟರ್ನರ್ ಎಂಜಿಎಂ ಕೊಂಡು, ಕೆಲವೇ ತಿಂಗಳಲ್ಲಿ ಬಹುಭಾಗವನ್ನು ಮರಳಿ ಮಾರಿ, ಅಲ್ಲಿಯವರೆಗಿನ ಚಿತ್ರಸಂಗ್ರಹವನ್ನು ತನ್ನಲ್ಲೇ ಉಳಿಸಿಕೊಂಡರು. 1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್ ಸೇರಿತು, ಸಂಗ್ರಹವೂ ಜೊತೆಗೆ ಹೋಯಿತು. ಕಲ್ವರ್ ಸಿಟಿಯ ಹಳೆಯ ಸ್ಟುಡಿಯೊ ಜಾಗ ಈಗ ಸೋನಿಯದು. ಸಿಂಹ, ಹೆಸರು, 1986ರ ನಂತರದ ಚಿತ್ರಗಳು ಎಂಜಿಎಂನಲ್ಲೇ ಉಳಿದವು. 2022ರ ಮಾರ್ಚ್‌ನಲ್ಲಿ ಆ ಎಂಜಿಎಂ ಅನ್ನು ಅಮೆಝಾನ್ ಸುಮಾರು 850 ಕೋಟಿ ಡಾಲರಿಗೆ ಕೊಂಡಿತು. ಜ್ಯಾಕಿಯೂ ಟ್ಯಾನರೂ ಗರ್ಜಿಸುವ ಚಿತ್ರಗಳು ಒಬ್ಬರ ಬಳಿ, ಸಿಂಹದ ಗುರುತು ಇನ್ನೊಬ್ಬರ ಬಳಿ.

ಈಗಿನ ಸಿಂಹ ಜೀವಂತ ಸಿಂಹವೇ?

ಅಲ್ಲ. 2021ರ ಮಾರ್ಚ್‌ನಲ್ಲಿ ಪ್ರಕಟವಾದ ಹೊಸ ಲಾಂಛನದ ಸಿಂಹವನ್ನು ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ಮಾಡಲಾಗಿದೆ. ಮಾದರಿ 1957ರ ಲಿಯೊ. ಹೆಚ್ಚಿನ ರೆಸಲ್ಯೂಶನ್ನಿನ ತೆರೆಗೆ 1957ರ ಫಿಲ್ಮನ್ನು ಎಷ್ಟು ತೊಳೆದರೂ ಒಂದು ಮಿತಿ ಇತ್ತು. ಎರಡನ್ನೂ ಬೇರ್ಪಡಿಸಿ ನೋಡಲು ಸುಲಭದ ಜಾಗ ಧ್ಯೇಯವಾಕ್ಯ: ಹೊಸದರಲ್ಲಿ ಅದು ಮೊದಲು ಇಂಗ್ಲಿಷಿನಲ್ಲಿ ಮೂಡಿ ಲ್ಯಾಟಿನ್‌ಗೆ ತಿರುಗುತ್ತದೆ. ಅದು ಕಣ್ತಪ್ಪಿದರೆ ಸಿಂಹದ ಅಂಚನ್ನು ನೋಡಿ. ಹಳೆಯದರಲ್ಲಿ ಸಿಂಹ ಉಂಗುರದ ಹಿಂದಿರುವ ಬೇರೆಯೇ ಚಿತ್ರ, ಎರಡರ ಬೆಳಕಿಗೂ ಸಂಬಂಧವಿಲ್ಲ. ಹೊಸದರಲ್ಲಿ ಸಿಂಹವೂ ಚಿನ್ನದ ಉಂಗುರವೂ ಒಂದೇ ಜಾಗದಲ್ಲಿರುವಂತೆ ಕಾಣುತ್ತವೆ, ಕೇಸರದ ಎಳೆ ಎಳೆಯೂ ಬಿಡಿಬಿಡಿಯಾಗಿ ಆಡುತ್ತದೆ.